ಅಣ್ಣನ ಮ್ಯಾಪು, ಅಕ್ಕನ ಮನೆ

ನಮ್ಮಣ್ಣ ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಬ್ಬರನ್ನೂ ದಾರಿ ಕೇಳಿದವನಲ್ಲ. ಹಾಗಾದರೆ ಅವನಿಗೆ ಎಲ್ಲ ದಾರಿಯೂ ಗೊತ್ತಿರಬೇಕು ಎಂದು ನೀವು ತಿಳಿದರೆ, ನೀವು ಅವನ ಬೈಕಿನ ಹಿಂದಿನ ಸೀಟಿನಲ್ಲಿ ಕೂತವರಲ್ಲ! ನಾನು ಕೂತವನು. ಹುಣಸೂರಿಗೆಂದು ಹೊರಟು ಕೆ.ಆರ್. ನಗರದಲ್ಲಿ ಇಳಿದಿದ್ದೇನೆ. "ಹುಣಸೂರು ಎಲ್ಲಣ್ಣ?" ಎಂದರೆ, "ಅದೆಲ್ಲಿಗೆ ಓಯ್ತದೆ ಬುಡ್ಲಾ? ಇದ್ದಲ್ಲೇ ಇರ್ತದೆ. ನಾಳಿಕ್ಕೆ ನೋಡನ" ಎಂದು ನನಗೇ ಸಮಾಧಾನ ಹೇಳಿದವನು ಅವನು.

ಕೇಳಿದರೆ ಏನು ಗಂಟು ಹೋಗುತ್ತದೆ? ಅದಕ್ಕೂ ಅವನ ಹತ್ತಿರ ಉತ್ತರವಿದೆ. "ದಾರಿ ಕೇಳಿದ್ರೆ ಯಾರೂ ದಾರಿ ಏಳಲ್ಲ ಕಣ್ಲಾ. ಮೊದ್ಲು ಯಾವೂರು ಅಂತಾರೆ. ಆಮೇಲೆ ಯಾರ ಮಗ, ಯಾರ ಮನೆಗೆ, ಯಾಕೆ, ಈಟು ದಿನ ಯಾಕೆ ಬಂದಿರ್ನಿಲ್ಲ ಅಂತಾರೆ. ಅಷ್ಟೊತ್ಗೆ ನಾನು ಎರಡೂರು ಸುತ್ಕಂಡು ಬಂದ್ಬುಡ್ತೀನಿ."

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಆಗ ಇಟ್ಟುಕೊಳ್ಳಲಿಲ್ಲ.

ನಮ್ಮದು ಬೆಟ್ಟದಪುರದ ಹತ್ತಿರದ ಒಂದು ಊರು. ಹೊಗೆಸೊಪ್ಪು ಬೆಳೆಯುವವರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅಣ್ಣ ನನಗಿಂತ ಎರಡು ಕ್ಲಾಸು ಮೊದಲೇ ಬಿಟ್ಟು, ನನಗೆ ದಾರಿ ತೋರಿಸಿದ. ಅವನು ತೋರಿಸಿದ ದಾರಿಗಳಲ್ಲಿ ತಪ್ಪದೆ ತಲುಪಿದ್ದು ಅದೊಂದೇ ಇರಬೇಕು! ಅಣ್ಣ ಎಡಚ. ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಬಲಗೈಗೆ ಕೆಲಸವಿಲ್ಲವಲ್ಲ ಎಂದು ಅದಕ್ಕೆ ಎರಡು ವಾಚು ಕಟ್ಟಿದ್ದಾನೆ. ಒಂದರಲ್ಲಿ ರೇಡಿಯೋ ಟೈಮು. ಇನ್ನೊಂದು ಇಪ್ಪತ್ತು ನಿಮಿಷ ಹಿಂದೆ. ಅದು ನಮ್ಮೂರ ಬಸ್ಸಿನ ಟೈಮು. "ಟೈಮೆಷ್ಟಣ್ಣ?" ಎಂದು ಕೇಳಿದವರಿಗೆ "ಊರಿಗೋ, ಬಸ್ಸಿಗೋ?" ಎಂದು ಮರುಪ್ರಶ್ನೆ ಹಾಕುತ್ತಾನೆ. ತಮಾಷೆಯೆಂದರೆ, ಅವನ ಎರಡನೇ ವಾಚು ನಂಬಿದವರು ಯಾರೂ ಇದುವರೆಗೆ ಬಸ್ಸು ತಪ್ಪಿಸಿಕೊಂಡಿಲ್ಲ.

ಈ ವಾಚುಗಳಿಗೆ ಸೆಲ್ ಹಾಕಿಸುವುದೂ ಒಂದು ವಾರ್ಷಿಕೋತ್ಸವ. ಪ್ರತಿ ವರ್ಷ ಗೌರಿ ಹಬ್ಬದ ಹಿಂದಿನ ದಿನ, ಹೆಚ್ಚಾಗಿ ಬ್ಯಾರನ್ ಹತ್ತಿಸಿರುವ ಹೊತ್ತಿಗೇ, ಅಣ್ಣ ಬೆಳಗ್ಗೆಯೇ ಬೈಕು ಹೊರಡಿಸುತ್ತಿದ್ದ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡು. ಒಮ್ಮೆ ಬೆಂಕಿ ಇಟ್ಟರೆ ಐದಾರು ದಿನ ಕದಲುವ ಹಾಗಿಲ್ಲ. ನಾನು ಒಬ್ಬನೇ ಒಲೆಗೆ ಸೌದೆ ತಳ್ಳುತ್ತಾ ಕೂಗುತ್ತಿದ್ದೆ:

"ಸೆಲ್ ಹಾಕ್ಸಕ್ಕೆ ಇವತ್ತೇ ಆಗ್ಬೇಕೇನಣ್ಣ?"

"ಇವತ್ತೇ ನಿಂತೋಗ್ಯವೆ ಕಣ್ಲಾ."

"ಎರಡೂ?"

"ಜೋಡಿ ಅಲ್ವಾ?"

"ಮತ್ತೆ ಹಿಂದ್ಗಡೆ ಅಷ್ಟು ದೊಡ್ಡ ಗೋಣಿಚೀಲ ಯಾಕೆ?"

"ವಾಚು ಅಲುಗಾಡ್ಬಾರ್ದು!"

ಇಂಥವನ ಹತ್ತಿರ ಏನು ಮಾತು? ಸಾಯಂಕಾಲ ಬರುವಾಗ ಗೋಣಿಚೀಲ ಖಾಲಿ. ವಾಚು ಓಡುತ್ತಿರುತ್ತಿತ್ತು.

ಇಂಥ ಮಹಾನುಭಾವನ ಕೈಗೆ ಒಂದು ದಿನ ಮ್ಯಾಪಿನ ಫೋನು ಬಂತು.

ಆಗಿನ್ನೂ ಬೆರಳಲ್ಲಿ ತೀಡುವ ಫೋನುಗಳು ನಮ್ಮ ಕಡೆ ಬಂದಿರಲಿಲ್ಲ. ಬಟನ್ ಒತ್ತುವ ಫೋನು, ಬೆಂಕಿಪೊಟ್ಟಣದಷ್ಟು ಪರದೆ. ಪಿರಿಯಾಪಟ್ಟಣದ ಮೊಬೈಲ್ ಅಂಗಡಿಯವನು ಅದರೊಳಗೆ ಅದೇನನ್ನೋ ಇಳಿಸಿ, "ಅಣ್ಣ, ಇನ್ಮೇಲೆ ನೀವು ಯಾರನ್ನೂ ದಾರಿ ಕೇಳಂಗಿಲ್ಲ" ಎಂದನಂತೆ. ನಮ್ಮಣ್ಣನಿಗೆ ಹೇಳಬಾರದಿದ್ದ ಮಾತು ಅದು! ಎರಡು ಒತ್ತಿದರೆ ಮ್ಯಾಪು ಮೇಲಕ್ಕೆ, ಎಂಟು ಒತ್ತಿದರೆ ಕೆಳಕ್ಕೆ, ಸೊನ್ನೆ ಒತ್ತಿದರೆ ನಾವಿರುವ ಜಾಗ.

ಮೊದಲ ದಿನ ಮನೆಮಂದಿಯನ್ನೆಲ್ಲ ಜಗಲಿಯ ಮೇಲೆ ಕೂರಿಸಿ ಸೊನ್ನೆ ಒತ್ತಿದ. ಮ್ಯಾಪು ಒಂದೇ ಸಲಕ್ಕೆ ಬರುವುದಿಲ್ಲ. ಒಂದೊಂದು ಚೌಕ, ಮನಸ್ಸಿದ್ದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಚೌಕ ಬರುವುದರೊಳಗೆ ನನ್ನ ಹೆಂಡತಿ ಒಳಗೆ ಹೋಗಿ ಅನ್ನಕ್ಕೆ ಎಸರಿಟ್ಟು ಬಂದಳು. ಎರಡನೇದು ಬರುವುದರೊಳಗೆ ಅಕ್ಕಿ ಹಾಕಿ ಬಂದಳು. ಕೊನೆಗೆ ಬಂದದ್ದು ಇಷ್ಟು: ಬೆಳ್ಳನೆಯ ಬಯಲು, ಮೂಲೆಯಲ್ಲಿ ಒಂದು ಹಳದಿ ಗೆರೆ, ನಡುವೆ ಒಂದು ನೀಲಿ ಚುಕ್ಕೆ, ಚುಕ್ಕೆಯ ಸುತ್ತ ಒಂದು ದೊಡ್ಡ ಉಂಗುರ.

"ನಮ್ಮೂರೆಲ್ಲಣ್ಣ?"

"ಈ ಉಂಗುರದೊಳಗೆ."

"ಉಂಗುರ ಎಷ್ಟು ದೊಡ್ಡದು?"

ಅಣ್ಣ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. "ಐದು ಸಾವಿರ ಮೀಟರು, ಆಚೆ ಈಚೆ."

ಅಂದರೆ ಐದು ಕಿಲೋಮೀಟರು! ಅಷ್ಟರೊಳಗೆ ನಮ್ಮೂರು, ಪಕ್ಕದ ನಾಲ್ಕು ಊರು, ಎರಡು ಕೆರೆ ಎಲ್ಲ ಬಂದುಬಿಡುತ್ತವೆ. ನೀನು ಇಲ್ಲೇ ಎಲ್ಲೋ ಇದ್ದೀಯ ಎಂದು ಹೇಳುವುದಕ್ಕೆ ಒಂದು ಯಂತ್ರ ಬೇಕೆ? ಆದರೆ ಅಣ್ಣನ ಮುಖ ನೋಡಬೇಕಿತ್ತು. ಐವತ್ತು ದಾಟಿದ ಮನುಷ್ಯ, ಎರಡು ವಾಚಿನ ಕೈಯಲ್ಲಿ ಫೋನನ್ನು ಮಂಗಳಾರತಿ ತಟ್ಟೆಯ ಹಾಗೆ ಹಿಡಿದುಕೊಂಡು, "ನೋಡ್ರೋ, ನಾವು ಅವ್ವಿ!" ಎಂದ. ನಾವು ಇದ್ದೇವೆ ಎಂದು ನಮಗೂ ಆವತ್ತೇ ಖಾತ್ರಿಯಾಯಿತು.

ಇದೇ ಸಮಯಕ್ಕೆ ನನ್ನ ಮಗಳ ಮದುವೆ ನಿಶ್ಚಯವಾಯಿತು. ಸೊಪ್ಪಿನ ಕೆಲಸ ಮುಗಿದು ಬ್ಯಾರನ್ ತಣ್ಣಗಾಗಿದ್ದ ಕಾಲ. ನಮ್ಮ ಕಡೆ ಲಗ್ನಪತ್ರಿಕೆಯನ್ನು ಅಂಚೆಗೆ ಹಾಕಿದರೆ ಆಗುವುದಿಲ್ಲ. ಮನೆಮನೆಗೂ ಹೋಗಿ, ಕೂತು, ನೀರು ಕುಡಿದು, ಅರಿಶಿನ ಕುಂಕುಮ ಅಕ್ಷತೆ ಇಟ್ಟು ಕೈಗೇ ಕೊಡಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ನಾಲ್ಕು ತಾಲ್ಲೂಕಿಗೂ ನೆಂಟರು. "ಮ್ಯಾಪೈತೆ, ನಡಿ" ಎಂದ ಅಣ್ಣ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಹೇಳದೆ ಮುಂದಕ್ಕೆ ಹೋದರೆ ಈ ಕಥೆ ನಗಿಸಬಹುದು, ಆದರೆ ಸುಳ್ಳಾಗುತ್ತದೆ.

ನನಗೊಬ್ಬಳು ಅಕ್ಕ, ಅಣ್ಣನಿಗೆ ತಂಗಿ. ಕೋಟೆ ತಾಲ್ಲೂಕಿನಲ್ಲಿ, ಸರಗೂರು ದಾಟಿ ಎನ್. ಬೇಗೂರಿನ ಕಡೆ ಕೊಟ್ಟಿದ್ದು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಹೋಗಬೇಕು: ಎರಡು ಮೊರ, ಒಂದರ ಮೇಲೊಂದು ಮುಚ್ಚಿ ದಾರ ಕಟ್ಟಿ, ಒಳಗೆ ಅಕ್ಕಿ, ಬೇಳೆ, ಬಳೆ, ರವಿಕೆ ಬಟ್ಟೆ. ನಮ್ಮಪ್ಪ ಇರುವ ತನಕ ಅಪ್ಪ ಕೊಂಡೊಯ್ದ. ಅಪ್ಪ ಹೋಗುವ ಮುಂಚೆ ಆ ಕೆಲಸವನ್ನು ನನಗೆ ವಹಿಸಿದ. ಅಣ್ಣನಿಗೆ ಯಾಕೆ ವಹಿಸಲಿಲ್ಲ? ಅವನು ಬಾಗಿನ ತೆಗೆದುಕೊಂಡು ಕೊಡಗಿಗೆ ಹೋಗಿಬಿಟ್ಟರೆ ಎಂಬ ಭಯ! ನಾನು ಒಂದೆರಡು ವರ್ಷ ಹೋದೆ. ಆಮೇಲೆ ಒಂದು ವರ್ಷ ಬ್ಯಾರನ್ ಹತ್ತಿತ್ತು, ಹೋಗಲಿಲ್ಲ. ಮರುವರ್ಷವೂ ಬ್ಯಾರನ್. ಮೂರನೇ ವರ್ಷ ಬ್ಯಾರನ್ ಹತ್ತಿರಲಿಲ್ಲ. ಆದರೆ ಎರಡು ವರ್ಷ ಹೋಗದವನು ಯಾವ ಮುಖ ಹೊತ್ತು ಹೋಗಲಿ ಎಂದು ನಿಂತೆ. ಅಕ್ಕ ಊರಾಚೆ ಹೊಲದಲ್ಲಿ ಹೊಸ ಮನೆ ಕಟ್ಟಿದಳು, ಒಕ್ಕಲಿಗೆ ಕರೆದಳು. ಹೋಗಲಿಲ್ಲ. ಜಗಳವಿಲ್ಲ, ಮಾತಿಗೆ ಮಾತು ಬೆಳೆದಿಲ್ಲ. ಬರೀ ನಾಚಿಕೆ. ಅದು ವರ್ಷಕ್ಕೊಂದು ಗೇಣು ಬೆಳೆಯಿತು. ಹೀಗೆ ಹನ್ನೊಂದು ವರ್ಷ.

ಈಗ ಮಗಳ ಮದುವೆ. ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಅಕ್ಕ ಬರದಿದ್ದರೆ? ಬೇರೆ ಯಾರೋ ಹಚ್ಚಿದರೆ ಚಪ್ಪರದ ಕೆಳಗೆ ನಾಲ್ಕು ತಾಲ್ಲೂಕಿನ ನೆಂಟರೂ ನನ್ನ ಕಡೆ ತಿರುಗಿ ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನನ್ನ ಮಗಳು ನೋಡುತ್ತಾಳೆ. ಹೋಗಿ ಕರೆಯೋಣವೆಂದರೆ ಅಕ್ಕನ ಹೊಸ ಮನೆಯ ದಾರಿಯೇ ನನಗೆ ಗೊತ್ತಿಲ್ಲ! ಒಡಹುಟ್ಟಿದ ಅಕ್ಕನ ಮನೆ ಎಲ್ಲಿದೆ ಎಂದು ಅವಳ ಊರಿನವರನ್ನೇ ಕೇಳುವುದೆ? ಭೂಮಿ ಬಾಯಿ ಬಿಡಬಾರದೆ?

"ಅಕ್ಕನ ಮನೇನ ಕೊನೇಗೆ ಇಟ್ಕಳಣ" ಎಂದೆ. ಅಣ್ಣ ನನ್ನನ್ನು ಒಂದು ಗಳಿಗೆ ನೋಡಿ, "ಆಗ್ಲಿ. ಮೊದ್ಲು ಮ್ಯಾಪು ಪಳಗ್ಲಿ" ಎಂದ.

ಮ್ಯಾಪು ಪಳಗಿದ್ದು ಕೆ.ಆರ್. ನಗರದಲ್ಲಿ. ನನ್ನ ನಾದಿನಿಗೆ ಹೊಸದಾಗಿ ಬೀಗರಾದವರ ಮನೆಗೆ ಪತ್ರಿಕೆ ಕೊಡಬೇಕಿತ್ತು. ನಾವು ಅವರ ಮುಖ ಕಂಡವರಲ್ಲ. ಗದ್ದೆ ಬಯಲಿನ ನಡುವೆ ಒಂದು ಊರಿನ ಬಾಗಿಲಲ್ಲಿ ಅಣ್ಣ ಸೊನ್ನೆ ಒತ್ತಿದ. ಚುಕ್ಕೆ ಬಂತು. "ಇದೇ ಊರು, ಇದೇ ಮನೆ" ಎಂದು ಒಂದು ಹೆಂಚಿನ ಮನೆಗೆ ಸೀದಾ ನುಗ್ಗಿದ. ಮನೆಯ ಯಜಮಾನರು ಎದ್ದು ಬಂದು ಕೈಕಾಲಿಗೆ ನೀರು ಕೊಟ್ಟರು. ಚಾಪೆ ಹಾಸಿದರು. ಬೆಲ್ಲ, ನೀರು, ಕಾಫಿ ಎಲ್ಲ ಆಯಿತು. ಮಳೆ ಬೆಳೆ ಮಾತಾಡಿದೆವು. ಕುಂಕುಮವಿಟ್ಟು ಪತ್ರಿಕೆ ಕೊಟ್ಟೆವು. ಅವರು ಅದನ್ನು ಕಣ್ಣಿಗೊತ್ತಿಕೊಂಡು, ಬಿಡಿಸಿ ನಿಧಾನವಾಗಿ ಓದಿ, ಬಹಳ ಸಂಕೋಚದಿಂದ ಕೇಳಿದರು:

"ತಪ್ಪು ತಿಳೀಬ್ಯಾಡಿ. ನೀವು ಯಾರು ಅಂತ ಗೊತ್ತಾಗ್ನಿಲ್ಲ."

"ಮತ್ತೆ ಇಷ್ಟೊತ್ತೂ ಕೇಳ್ನಿಲ್ವಲ್ಲ ನೀವು!" ಎಂದೆ ನಾನು, ಗಾಬರಿಯಿಂದ.

"ಮನೆಗೆ ಬಂದೋರ್ನ ಎಂಗೆ ಕೇಳದು? ನಮ್ಮೆಂಗಸ್ರ ಕಡೆ ನೆಂಟ್ರಿರ್ಬೇಕು ಅಂದ್ಕಂಡೆ."

ನಮ್ಮ ಬೀಗರ ಊರು ಅಲ್ಲಿಂದ ಮೂರು ಮೈಲಿ ಆಚೆಗಿತ್ತು. ನಾನು ನಾಚಿಕೆಯಿಂದ ಪತ್ರಿಕೆ ವಾಪಸು ಇಸಿದುಕೊಳ್ಳಲು ಕೈ ಚಾಚಿದೆ. ಅಣ್ಣ ನನ್ನ ಕೈಗೆ ಒಂದೇಟು ಹಾಕಿದ. "ಕೊಟ್ಟಿದ್ದು ಕೊಟ್ಟಾಯ್ತು! ಈಗ ಗೊತ್ತಾಯ್ತಲ್ಲ ಯಜಮಾನ್ರೇ, ನೀವೇನೂ ತಿಳ್ಕಬ್ಯಾಡಿ, ಮನೆಮಂದಿಯೆಲ್ಲ ಬರ್ಬೇಕು." ಹೊರಗೆ ಬಂದ ಮೇಲೆ ನನಗೆ ಬುದ್ಧಿ ಹೇಳಿದ: "ಮ್ಯಾಪು ತಪ್ಪು ಮಾಡಿಲ್ಲ ಕಣ್ಲಾ. ಐದು ಸಾವಿರ ಮೀಟರೊಳಗೇ ಐತಲ್ಲ ಬೀಗರ ಮನೆ?"

ಹೇಳಿದೆನಲ್ಲ, ಕೊನೆಗೆ ಉಳಿದದ್ದು ಒಂದೇ ಮನೆ. ಬೆಳಗ್ಗೆ ಹೊರಟೆವು. ಪತ್ರಿಕೆಯನ್ನು ಅಂಗಿಯೊಳಗೆ ಎದೆಗೊತ್ತಿ ಇಟ್ಟುಕೊಂಡಿದ್ದೆ. ಹುಣಸೂರಿನಲ್ಲಿ ಅಣ್ಣ ಟವರಿನ ಬುಡದಲ್ಲೇ ಬೈಕು ನಿಲ್ಲಿಸಿ, ಬಾವಿಯಲ್ಲಿ ಕೊಡ ತುಂಬಿಕೊಳ್ಳುವವರ ಹಾಗೆ ಮ್ಯಾಪು ತುಂಬಿಕೊಂಡ. ಅವನು ತುಂಬಿಕೊಳ್ಳುವಷ್ಟು ಹೊತ್ತು ನಾನು ಅಕ್ಕನಿಗೆ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಕೋಟೆಗೆ ಬರುವುದರೊಳಗೆ ಅದು ಸರಿಯಲ್ಲ ಎನಿಸಿತು, ಬೇರೆ ಜೋಡಿಸಿದೆ. ಸರಗೂರಿನಲ್ಲಿ ಟೀ ಅಂಗಡಿ ಮುಂದೆ ನಿಂತಾಗ ಮೂರನೆಯದು.

ಅಂಗಡಿಯ ಅಮ್ಮ ಟೀ ಕೊಡುತ್ತಾ ಕೇಳಿಯೇಬಿಟ್ಟಳು: "ಯಾವ್ಕಡೆ ಒಂಟ್ರಿ? ಯಾರ ಮನೆಗೆ?"

ನಾನು ಟೀ ಲೋಟದೊಳಗೆ ಮುಖ ಹುದುಗಿಸಿದೆ. ಅಕ್ಕನ ಹೆಸರು ಹೇಳಿದರೆ, ಅವರ ತಮ್ಮನಾ ನೀವು, ಒಂದಿನವೂ ಕಂಡಿಲ್ವಲ್ಲ ಎಂಬ ಮಾತು ಬಂದೇ ಬರುತ್ತದೆ. ಅಷ್ಟರಲ್ಲಿ ಅಣ್ಣನ ಫೋನು ಕೀಂಯ್ ಎಂದಿತು. ಗಡಿಯ ಟವರು ಹಿಡಿದು, ಕೇರಳಕ್ಕೆ ಸ್ವಾಗತ ಎಂದು ಮೆಸೇಜು ಬಂದಿತ್ತು! ಅಣ್ಣ ಫೋನನ್ನು ಅವಳ ಮೂಗಿನ ಹತ್ತಿರ ಹಿಡಿದ.

"ನೋಡಮ್ಮ, ನೀನೀಗ ಕೇರಳದಲ್ಲಿದ್ದೀಯ."

"ಅಯ್ಯೋ ಸುಮ್ಕಿರಣ್ಣ! ಇದು ಸರಗೂರು."

"ನಿಂಗೇನು ಗೊತ್ತು? ಆಕಾಶದಿಂದ ನೋಡವ್ರೆ."

"ಆಕಾಶದಲ್ಲಿರೋರು ಬಂದು ಟೀ ಕಾಯ್ಸ್ತಾರಾ? ನಾನು ಉಟ್ಟಿದ್ದೇ ಇಲ್ಲಿ ಕಣಣ್ಣ!"

ಟೀ ಕುಡಿಯುತ್ತಿದ್ದವರೆಲ್ಲ ಸರಗೂರು ಯಾವ ರಾಜ್ಯದಲ್ಲಿದೆ ಎಂಬ ಜಗಳಕ್ಕೆ ಬಿದ್ದರು. ನಮ್ಮನ್ನು ಯಾರ ಮನೆ ಎಂದು ಕೇಳಿದ್ದನ್ನು ಅವಳು ಮರೆತೇಬಿಟ್ಟಳು. ನಾನು ನಿಟ್ಟುಸಿರು ಬಿಟ್ಟೆ. ಈ ಹುಚ್ಚನಿಂದ ಒಂದು ಉಪಕಾರವಾಯಿತಲ್ಲ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ಮುಂದೆ ಮ್ಯಾಪು ನಮ್ಮನ್ನು ಒಂದು ಮಣ್ಣುದಾರಿಗೆ ತಿರುಗಿಸಿತು. ದಾರಿ ಇಳಿಯುತ್ತಾ ಇಳಿಯುತ್ತಾ ಹೋಗಿ ನೀರಿನೊಳಗೆ ಇಳಿದೇಬಿಟ್ಟಿತು. ಎದುರಿಗೆ ಕಬಿನಿ ಹಿನ್ನೀರು, ಕಣ್ಣಿಗೆ ಕಾಣುವಷ್ಟೂ.

"ಇನ್ನೂ ಮುಂದಕ್ಕೆ ಓಗು ಅಂತೈತೆ" ಎಂದ ಅಣ್ಣ.

"ಮುಂದೆ ನೀರೈತಲ್ಲಣ್ಣ!"

"ಮ್ಯಾಪಲ್ಲಿ ಇಲ್ಲ."

ದಡದಲ್ಲಿ ತೆಪ್ಪವನ್ನು ಓರೆ ನಿಲ್ಲಿಸಿ ಬುಡಕ್ಕೆ ಟಾರು ಬಳಿಯುತ್ತಿದ್ದವನೊಬ್ಬ ತಲೆಯೆತ್ತಿ, "ಅಣ್ಣೋ, ಆ ದಾರಿ ಮುಳುಗಿ ನಮ್ಮಪ್ಪನ ಕಾಲ ಆಯ್ತು. ಬಸ್ಸು ಬೇಕಾದ್ರೆ ಅಲ್ಲೇ ಕಾಯಿ, ತಳದಿಂದ ಬತ್ತದೆ" ಎಂದ. ಅಣ್ಣ ಇಪ್ಪತ್ತು ನಿಮಿಷ ಹಿಂದಿನ ವಾಚು ನೋಡಿ, "ಇನ್ನೂ ಟೈಮೈತೆ" ಎಂದ! ಆ ಮನುಷ್ಯ ನಕ್ಕ ನಗುವಿಗೆ ತೆಪ್ಪ ಮಗುಚಿಕೊಂಡಿತು. ನಾನೂ ನಕ್ಕೆ. ಹುಣಸೂರಿನಿಂದ ಜೋಡಿಸಿಕೊಂಡು ಬಂದಿದ್ದ ಮೂರು ಮಾತುಗಳೂ ಆ ನೀರಿಗೆ ಬಿದ್ದು ಮುಳುಗಿದವು.

ಹಿಂದಕ್ಕೆ ಬಂದು ಬೇಗೂರಿನ ರಸ್ತೆ ಹಿಡಿದೆವು. ಇಲ್ಲಿಂದಾಚೆಗೆ ಒಂದು ವಿಚಿತ್ರ ಶುರುವಾಯಿತು. ದೊಡ್ಡ ಬಸರಿ ಮರದ ಹತ್ತಿರ ದಾರಿ ಎರಡಾಗಿ ಒಡೆದಿತ್ತು. ಅಣ್ಣ ಬೈಕು ಎಡಕ್ಕೆ ತಿರುಗಿಸಿದ. ತಿರುಗಿಸಿದ ಮೇಲೆ ಫೋನು ನೋಡಿ, "ಎಡಕ್ಕೆ ಅಂತೈತೆ" ಎಂದ. ಒಂದು ಕಡೆ ರಸ್ತೆಯಲ್ಲಿ ಗುಂಡಿ; ಕಾಣುವ ಮೊದಲೇ ತಪ್ಪಿಸಿದ. ಊರೊಳಗೆ ಹೋಗದೆ ಹೊರಗಿನ ಗಾಡಿದಾರಿ ಹಿಡಿದ. ಹೊಲದ ನಡುವಿನ ಮನೆಯಿಂದ ಒಂದು ಕರಿ ನಾಯಿ ನಮ್ಮ ಮೇಲೆ ಹಾರಿ ಬಂತು. ಬಂದದ್ದು ಅಣ್ಣನನ್ನು ಕಂಡು ಬಾಲ ಅಲ್ಲಾಡಿಸುತ್ತಾ ಅವನ ಕಾಲಿಗೆ ಉಜ್ಜಿಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ ಬೊಗಳಿತು.

"ಈ ನಾಯೀನೂ ಮ್ಯಾಪಲ್ಲೈತಾ?" ಎಂದೆ.

ಅಣ್ಣ ಸಿಗ್ನಲ್ ಹುಡುಕುವವನ ಹಾಗೆ ಫೋನನ್ನು ತಲೆಯ ಮೇಲೆ ಹಿಡಿದು, ಹೊಲದ ಬದುವಿನ ಮೇಲೆ ನಡೆದುಬಿಟ್ಟ.

ಅಕ್ಕ ಬಾಗಿಲಿಗೆ ಬಂದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ ಕೇಳಿದಳು:

"ಏನಪ್ಪ, ಬ್ಯಾರನ್ ಬೆಂಕಿ ಆರ್ತಾ?"

ಹನ್ನೊಂದು ವರ್ಷ ಉರಿಯುವ ಬ್ಯಾರನ್ ಯಾವ ಸೀಮೆಯಲ್ಲಿದೆ? ಒಳಗೆ ಕರೆದಳು. ನೀರು ಕೊಟ್ಟಳು. ನಾನು ಪತ್ರಿಕೆ ತೆಗೆದೆ. ಅವಳು ಸೆರಗು ಒಡ್ಡಲಿಲ್ಲ. "ಇರ್ಲಿ ತಡಿ. ಮೊದ್ಲು ಆ ಅಟ್ಟ ಹತ್ತಿ ಅವನ್ನ ಇಳ್ಸು" ಎಂದಳು.

ಅಟ್ಟದ ಮೇಲೆ ಮೊರಗಳ ಅಟ್ಟಿ. ಒಂದರ ಮೇಲೊಂದು, ಹೊಸ ಮೊರಗಳು, ಒಂದಕ್ಕೂ ಸಗಣಿ ಸಾರಿಸಿಲ್ಲ, ಒಂದರಲ್ಲೂ ಅಕ್ಕಿ ಕೇರಿಲ್ಲ. ಎಣಿಸಿದೆ. ಇಪ್ಪತ್ತೆರಡು.

"ಏನಕ್ಕ ಇವು?"

"ನಿನ್ನೋ."

ನನಗೆ ಅರ್ಥವಾಗಲಿಲ್ಲ. ಅಕ್ಕ ಕಂಬಕ್ಕೆ ಒರಗಿಕೊಂಡು ಹೇಳಿದಳು: "ವರ್ಷಾ ವರ್ಷಾ ಅಣ್ಣ ಬರೋನು. ಗೋಣಿಚೀಲದಿಂದ ಎರಡು ಬಾಗಿನ ತಗ್ಯೋನು. ಇದು ನಂದು, ಇದು ತಮ್ಮಂದು, ಅವನ ಬ್ಯಾರನ್ ಹತ್ಕಂಡೈತೆ, ಬಿಟ್ಟು ಬರಾಕಾಗ್ನಿಲ್ಲ ಅನ್ನೋನು. ಒಳ್ಳೆ ರವಿಕೆ ಬಟ್ಟೆ ಯಾವಾಗ್ಲೂ ನಿನ್ನದ್ರಲ್ಲೇ. ಅವನದ್ರಲ್ಲಿ ಬರೀ ಒರಟು ಬಟ್ಟೆ!"

ಎರಡು ವಾಚು. ಗೋಣಿಚೀಲ. ಅಲುಗಾಡಬಾರದು. ನಾನು ಅಟ್ಟದ ಏಣಿಯ ಮೇಲೇ ಕೂತುಬಿಟ್ಟೆ.

"ಅಣ್ಣನ ಮೊರದಲ್ಲಿ ದಿನಾ ಕೇರ್ತೀನಿ. ಸವೆದೋದ್ವು. ಇವನ್ನ ಮುಟ್ನಿಲ್ಲ" ಎಂದಳು ಅಕ್ಕ. "ನೀನು ತಂದವಲ್ವಲ್ಲ."

"ನಿಂಗೆ ಗೊತ್ತಿತ್ತಾ?"

"ಎರಡು ಬಾಗಿನಕ್ಕೂ ಒಂದೇ ಎಡಚನ ಗಂಟು. ನಾನೂ ಹೊಗೆಸೊಪ್ಪು ಕಟ್ಟಿ ಬೆಳೆದೋಳು ಕಣಪ್ಪ, ಯಾರ ಕೈ ಗಂಟು ಅಂತ ಕಾಣೆನಾ?" ಎಂದು ಬಾಗಿಲಾಚೆ ಬದುವಿನ ಕಡೆ ನೋಡಿ, "ಪಾಪ, ಅವ್ನು ಅಷ್ಟು ಚೆಂದಾಗಿ ಸುಳ್ಳೇಳೋನು. ಬ್ಯಾಡ ಅನ್ನಕ್ಕೆ ಮನಸಾಗ್ನಿಲ್ಲ" ಎಂದಳು.

ಆಮೇಲೆ ಸೆರಗು ಒಡ್ಡಿದಳು. "ಕೊಡು ಪತ್ರಿಕೇನ. ನಿನ್ಗಲ್ಲ, ಮಗೀಗೆ ಬತ್ತೀನಿ." ನನ್ನ ಕಣ್ಣು ಮಂಜಾಗಿ ಅಕ್ಷತೆ ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ ಬಿತ್ತು.

ಹೊರಗೆ ಬದುವಿನ ಮೇಲೆ ಅಣ್ಣ ಇನ್ನೂ ಫೋನು ಹಿಡಿದೇ ನಿಂತಿದ್ದ. ವಾಪಸು ಬರುವಾಗ ಬಸರಿ ಮರದ ಹತ್ತಿರ ಕೇಳಿದೆ: "ದಾರಿ ಗೊತ್ತಿತ್ತಲ್ಲಣ್ಣ ನಿಂಗೆ. ಸೀದಾ ಕರ್ಕಂಡು ಬರ್ಬಾರ್ದಿತ್ತಾ?"

"ಸೀದಾ ಬಂದಿದ್ರೆ, ನಿಂಗೆಂಗೆ ಗೊತ್ತು ಅಂತ ಕೇಳ್ತಿದ್ದೆ ನೀನು. ನಾನು ಏನೇಳ್ಲಿ?" ಎಂದ, ತಿರುಗಿ ನೋಡದೆ. ಇನ್ನೊಂದು ಫರ್ಲಾಂಗು ಹೋದ ಮೇಲೆ ಮತ್ತೆ ಅವನೇ ಅಂದ: "ಈಗ ನೋಡ್ಕಂಡ್ಯಲ್ಲ ದಾರೀನ? ಮುಂದಿನ ಗೌರಿಗೆ ನಿಂದು ನೀನೇ ತಗಂಡೋಗು. ಎರಡೆರಡು ಬಾಗಿನ ಕಟ್ಕಂಡು ಗಾಡಿ ಓಡ್ಸಕ್ಕೆ ನಂಗೂ ವಯಸ್ಸಾಯ್ತು ಕಣ್ಲಾ."

ಅಕ್ಕ ಮದುವೆಗೆ ಮೂರು ದಿನ ಮೊದಲೇ ಬಂದಳು. ಮೊದಲ ಅರಿಶಿನ ಅವಳೇ ಹಚ್ಚಿದಳು. ಕೆ.ಆರ್. ನಗರದ ಆ ಯಜಮಾನರೂ ಮನೆಮಂದಿಯೆಲ್ಲ ಬಂದಿದ್ದರು. ಅಣ್ಣ ಅವರನ್ನು ಎಲ್ಲರಿಗೂ "ಇವ್ರು ಮ್ಯಾಪಿನ ಕಡೆ ನೆಂಟ್ರು" ಎಂದು ಪರಿಚಯ ಮಾಡಿಸಿದ. ಮೊದಲ ಪಂಕ್ತಿಯಲ್ಲೇ ಕೂರಿಸಿದ.

ಆ ವರ್ಷದ ಗೌರಿಗೂ ಬ್ಯಾರನ್ ಹತ್ತಿತ್ತು. ಒಲೆಯ ಮುಂದೆ ಅಣ್ಣ ಕೂತ. ನಾನು ಬಾಗಿನ ಕಟ್ಟಿದೆ. ಅಭ್ಯಾಸ ತಪ್ಪಿದ ಕೈ, ಗಂಟು ಸೊಟ್ಟಗೆ ಬಂತು. ಬಿಚ್ಚಿ ಕಟ್ಟಿದೆ, ಮತ್ತೆ ಸೊಟ್ಟಗೇ ಬಂತು. ಹೊರಡುವಾಗ ಅಣ್ಣ, "ಮ್ಯಾಪು ಬೇಕೇನ್ಲಾ?" ಎಂದ. ಬೇಡ ಎಂದೆ. ಬಸರಿ ಮರದ ಹತ್ತಿರ ಎಡಕ್ಕೆ ತಿರುಗಿದೆ, ಗುಂಡಿ ತಪ್ಪಿಸಿದೆ. ನಾಯಿ ಬೊಗಳಿತು, ಆದರೆ ಮೊದಲಿನಷ್ಟಲ್ಲ.

ಅಕ್ಕ ಬಾಗಿನ ತೆಗೆದುಕೊಂಡು ಮೊರದೊಳಗೆ ಏನಿದೆ ಎಂದು ನೋಡಲಿಲ್ಲ. ಆ ಸೊಟ್ಟ ಗಂಟನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದಳು. ಆಮೇಲೆ ನಿಧಾನವಾಗಿ ಬಿಚ್ಚಿದಳು. ಮೊರವನ್ನು ಅಟ್ಟಕ್ಕೆ ಹಾಕಲಿಲ್ಲ. ಅಲ್ಲೇ ಜಗಲಿಯ ಮೇಲೆ ಕಾಲು ಚಾಚಿ, ಅದರಲ್ಲಿದ್ದ ಅಕ್ಕಿಯನ್ನು ಅದರಲ್ಲೇ ಕೇರಲು ಕೂತಳು.